ಎರಡಕ್ಷರದ ಹೆಸರು
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ವರ್ಷ ತಾಯಿಯೊಬ್ಬರು ಕಂಪ್ಯೂಟರಿನಲ್ಲಿ ತುಂಬಿದ ಅರ್ಜಿಯೊಂದರ ಪ್ರತಿಯನ್ನು ಹಿಡಿದು ನಮ್ಮಲ್ಲಿಗೆ ಬಂದರು. ಮಗಳ ಹೆಸರಿನ ಬಾಲವೇ ಅದರಲ್ಲಿ ಮಾಯವಾಗಿತ್ತು. "ನಾನು ಸರಿಯಾಗಿಯೇ ಬರೆದದ್ದು ಮಾಷ್ಟ್ರೇ" ಎಂದರು. ಅವರ ಮಾತು ನಿಜವೇ ಆಗಿತ್ತು. ತಪ್ಪನ್ನು ಹುಡುಕುತ್ತ ಹೋಗಿ ನಾವು ಕಲಿತುದನ್ನು ಈ ದಿನ ತಮ್ಮ ಮುಂದೆ ಅರಿಕೆ ಮಾಡುತ್ತೇವೆ.

ಹೆಸರು ಬರೆಯುವ ಚೌಕದಲ್ಲಿ ಇಷ್ಟೇ ಅಕ್ಷರ ಹಿಡಿಸಬೇಕೆಂಬ ಮಿತಿಯುಂಟು. ಮಿತಿಯಿರುವುದು ತಪ್ಪಲ್ಲ, ತೊಡಕಿರುವುದು ಎಣಿಕೆಯಲ್ಲಿ. ಜ್ಯೋತ್ಸ್ನಾ ಎಂಬ ಹೆಸರನ್ನು ನೋಡಿರಿ. ನಮ್ಮ ಕಣ್ಣಿಗೆ ಅದು ಎರಡೇ ಅಕ್ಷರ. ಕಂಪ್ಯೂಟರು ಅನುಸರಿಸುವ ಯೂನಿಕೋಡ್ ಕ್ರಮದಲ್ಲಾದರೋ ವ್ಯಂಜನ ಬೇರೆ, ಒತ್ತಕ್ಷರಕ್ಕಾಗಿ ನಡುವೆ ಬರುವ ಹಲಂತ ಬೇರೆ, ಸ್ವರಚಿಹ್ನೆ ಬೇರೆ. ಬಿಡಿಸಿದರೆ 10 ಗುರುತುಗಳು. ಯುಟಿಎಫ್-8 ಎಂಬ ರೀತಿಯಲ್ಲಿ ಕೂಡಿಡುವಾಗ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದೊಂದು ಗುರುತಿಗೂ 3 ಬೈಟ್ ಬೇಕು. ಎರಡಕ್ಷರದ ಹುಡುಗಿಗೆ 30 ಬೈಟ್! ಮಂಜೇಶ್ವರವೆಂದರೆ 8 ಗುರುತು. ಆರಕ್ಕೆ ಕತ್ತರಿಸಿದರೆ ಉಳಿಯುವುದು ಮಂಜೇಶ್. ಊರು ಹೋಗಿ ಹುಡುಗನಾಯಿತು.

ಇನ್ನೊಂದು ಮಗ್ಗುಲೂ ಉಂಟು. ಕನಿಷ್ಠ 3 ಅಕ್ಷರವಿರಲೇಬೇಕೆಂದು ನಿಯಮವಿಟ್ಟರೆ ಇಂಗ್ಲಿಷಿನಲ್ಲಿ ಬರೆದ ರೈ, ಪೈ ದಾಟುತ್ತವೆ. ಕನ್ನಡದಲ್ಲಿ ಎರಡೇ ಗುರುತಾದುದರಿಂದ ತಡೆಯಲ್ಪಡುತ್ತವೆ. ಗೋವಿಂದ ಪೈಗಳೂ ಕಯ್ಯಾರ ಕಿಞ್ಞಣ್ಣ ರೈಗಳೂ ಬಾಳಿದ ನಾಡಿನಲ್ಲಿ!

ಇಂಥ ಮಿತಿಗಳನ್ನು ಮನುಷ್ಯರೇ ಪರೀಕ್ಷಿಸುತ್ತ ಕುಳಿತರೆ ಬೇಸರ ಸಹಜ. ಆದುದರಿಂದ ಅರ್ಜಿಯನ್ನು ತಾನೇ ತುಂಬಿ ನೋಡುವ ಪ್ರೋಗ್ರಾಮನ್ನು ಬರೆಯುತ್ತಾರೆ. ಮಿತಿ 30 ಆದರೆ ಅದು 29, 30, 31 ಗುರುತುಗಳನ್ನು ಸರದಿಯಾಗಿ ತುಂಬಿ, ಮೊದಲೆರಡು ಸೇರಿದವೇ, ಮೂರನೆಯದನ್ನು ಕಾರಣ ತಿಳಿಸಿ ತಡೆಯಿತೇ ಎಂದು ನೋಡುತ್ತದೆ. ಅರ್ಜಿ ಬದಲಾದಾಗಲೆಲ್ಲ ದಣಿಯದೆ ಮತ್ತೆ ನೋಡುತ್ತದೆ. ಆದರೆ ಅದಕ್ಕೆ ಕೊಟ್ಟ ಮಾದರಿ ಇಂಗ್ಲಿಷಿನ 'ಎ' ಅಕ್ಷರದ ಸಾಲು ಮಾತ್ರವಾದರೆ ಅಕ್ಷರ, ಗುರುತು, ಬೈಟ್ ಮೂರರ ಎಣಿಕೆಯೂ ಒಂದೇ; ದೋಷ ಎಂದಿಗೂ ಹೊರಬೀಳದು. ಜ್ಯೋತ್ಸ್ನಾ, ಮಂಜೇಶ್ವರ, ರೈ ಇವನ್ನು ಕೊಡಲಿ, ಆಗ ತಿಳಿಯುತ್ತದೆ! ಕೂಡಿಟ್ಟ ಹೆಸರನ್ನು ಹಿಂದಕ್ಕೆ ತೆಗೆದು, ಬರೆದುದರೊಂದಿಗೆ ಹೋಲಿಸಲೂ ಬೇಕು. ಬೇಡವೆನ್ನುವ ಅರ್ಜಿಗಿಂತ, ಸದ್ದಿಲ್ಲದೆ ಕತ್ತರಿಸುವ ಅರ್ಜಿಯೇ ಕೆಟ್ಟದ್ದು.

ಆ ಹುಡುಗಿಯ ಹೆಸರನ್ನು ತಿದ್ದಿಸಲು ಎರಡು ತಿಂಗಳು ಹಿಡಿಯಿತು. ತಾಯಿ ಮೂರು ದಿನದ ಕೂಲಿ ಬಿಟ್ಟು ಓಡಾಡಿದರು. ಹತ್ತನೆಯ ತರಗತಿಯವರು ಈ ವರ್ಷ ತಂತಮ್ಮ ಹೆಸರಿನ ಗುರುತುಗಳನ್ನು ಎಣಿಸಿ ಪಟ್ಟಿ ಮಾಡಿ ಬಾಗಿಲ ಬಳಿ ತೂಗುಹಾಕಿದ್ದಾರೆ. ಪೋಷಕರು ಹಿಂದಿರುಗುವಾಗ ತಮ್ಮ ಮಕ್ಕಳ ಹೆಸರಿನೆದುರಿನ ಅಂಕೆಯನ್ನು ಬರೆದುಕೊಂಡು ಹೋಗಬೇಕೆಂದು ಕೋರುತ್ತೇವೆ.