ಅಂಕಿತದಲ್ಲಿ ವಿಶ್ರಾಂತಿ



ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಅನೇಕರು ಒಂದು ಪ್ರಶ್ನೆಯನ್ನು ಕೇಳುವದುಂಟು: ನಿತ್ಯವೂ ಲಿಂಗಪೂಜೆಯನ್ನು ಮಾಡುತ್ತೇವೆ, ಬಾಲ್ಯದಿಂದ ಬಾಯಿಗೆ ಬಂದ ವಚನಗಳನ್ನೇ ಹೇಳುತ್ತೇವೆ, ಆದಾಗ್ಯೂ ಮನಸ್ಸಿನ ದಣಿವು ಹೋಗಲೊಲ್ಲದು. ಹೇಳಿ ಹೇಳಿ ಮಾತು ಸವೆದುಹೋಯಿತೇನು? ಮಕ್ಕಳನ್ನು ಕಳೆದುಕೊಂಡವರೂ ಸಾಲದ ಭಾರದಲ್ಲಿ ಬಳಲುವವರೂ ಹೀಗೆ ಕೇಳುವಾಗ, ಅದನ್ನು ಶುಷ್ಕಪ್ರಶ್ನೆಯೆಂದು ತಳ್ಳಿಬಿಡಲಾಗದು.

ವಚನದ ರಚನೆಯಲ್ಲಿಯೇ ಇದಕ್ಕೆ ಉತ್ತರವುಂಟು. ಬಸವಣ್ಣನವರ ವಚನಗಳು ಬಹುಮಟ್ಟಿಗೆ ಕೂಡಲಸಂಗಮದೇವನಲ್ಲಿ, ಅಲ್ಲಮಪ್ರಭುಗಳವು ಗುಹೇಶ್ವರನಲ್ಲಿ, ಅಕ್ಕಮಹಾದೇವಿಯವರವು ಚೆನ್ನಮಲ್ಲಿಕಾರ್ಜುನನಲ್ಲಿ ಮುಗಿಯುವವು. ನಡುವೆ ಶರಣರು ಅಳುವರು, ತಮ್ಮನ್ನು ತಾವೇ ಹಳಿದುಕೊಳ್ಳುವರು, ದೇವನೊಡನೆ ಜಗಳವನ್ನೂ ಆಡುವರು. ಎತ್ತ ಹರಿದರೂ ಮಾತು ಕಡೆಗೆ ಅಂಕಿತವನ್ನು ಸೇರಿ ನಿಲ್ಲುವದು. ಪರಿಚಿತ ವಚನವನ್ನು ಹೇಳುವವನಿಗೆ ತಾನು ಸೇರಬೇಕಾದ ಮನೆ ಮೊದಲೇ ಗೊತ್ತಿರುವದು. ದಣಿದವನಿಗೆ ಬೇಕಾದುದು ಕತ್ತಲೆಯಲ್ಲಿಯೂ ಕಾಲು ಬಲ್ಲ ಹಾದಿ.

ವಿಶ್ರಾಂತಿಯೆಂದರೆ ಕಾಯಕವನ್ನು ಬಿಡುವದೆಂದು ಮಾತ್ರ ತಿಳಿಯಬಾರದು. ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯನವರ ವೃತ್ತಾಂತವನ್ನು ಕೇಳದವರು ನಮ್ಮಲ್ಲಿ ವಿರಳ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವದು ಅವರ ಕಾಯಕ. ಪ್ರಭುಗಳೊಡನೆ ಅನುಭಾವಗೋಷ್ಠಿಯಲ್ಲಿ ಅವರು ಮೈಮರೆತಾಗ ಧರ್ಮಪತ್ನಿ ಲಕ್ಕಮ್ಮನವರು ಕಾಯಕವನ್ನು ನೆನಪಿಸಿದರು. ಮಾರಯ್ಯನವರು ಹೋಗಿ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಹೇಳಿದರು. ಇದನ್ನು ನಿರ್ಲೋಭದ ಪಾಠವೆಂದು ಹೇಳುತ್ತ ಬಂದಿದ್ದೇವೆ, ಅದು ಸರಿಯೇ. ದಣಿದ ಕಿವಿಯಿಂದ ಕೇಳಿದರೆ ಮತ್ತೊಂದು ಅರ್ಥವೂ ತೋರುವದು. ಆ ಹೆಚ್ಚಿನ ಅಕ್ಕಿಯೇ ನಾಳೆಯ ಚಿಂತೆ. ಇಂದಿನ ಕಾಯಕವು ಇಂದಿನ ದಾಸೋಹಕ್ಕೆ ಸಾಕು. ನಾಳೆಯ ಭಾರವನ್ನೂ ಇಂದೇ ಹೊತ್ತವನ ಬೆನ್ನಿಗೆ ವಿಶ್ರಾಂತಿಯೆಲ್ಲಿಯದು? ನೂರು ಸಲ ಕೇಳಿದ ಕಥೆಯು ನೂರೊಂದನೆಯ ಸಲ, ಕೇಳುವವನ ಅವಸ್ಥೆಗೆ ತಕ್ಕಂತೆ ಹೊಸ ಬಾಗಿಲನ್ನು ತೆರೆಯುವದು. ಸವೆದದ್ದು ಮಾತಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸುವದಕ್ಕೆ ಮುಂಚೆ ಎಷ್ಟೋ ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ಅಡಗಿದ್ದವು. ಅಂದಿನ ಭಕ್ತರಿಗೆ ದೊರೆತದ್ದು ಕೆಲವೇ ವಚನಗಳು. ಆ ಕೆಲವು ಅವರ ಉಸಿರಿನಲ್ಲಿ ಬೆರೆತಿದ್ದವು. ಇಂದು ಗ್ರಂಥಗಳಿಗೆ ಕೊರತೆಯಿಲ್ಲ. ಆ ಬೆರಕೆಗೆ ಕೊರತೆಯುಂಟು.

ಆದುದರಿಂದ ನನ್ನ ಬಿನ್ನಹವಿಷ್ಟೇ. ನಾಳೆ ಪ್ರಾತಃಕಾಲದಲ್ಲಿ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಇರಿಸಿಕೊಂಡಾಗ, ನಿಮ್ಮ ತಾಯಿಯೋ ಅಜ್ಜಿಯೋ ಕಲಿಸಿದ ಒಂದೇ ವಚನವನ್ನು ಸಾವಕಾಶವಾಗಿ ಹೇಳಿರಿ. ಅಂಕಿತಕ್ಕೆ ಬರುವ ಮುನ್ನ ಕ್ಷಣಕಾಲ ನಿಲ್ಲಿರಿ. ಎದೆಯಲ್ಲಿ ಹೊತ್ತಿರುವ ಹೆಚ್ಚಿನ ಅಕ್ಕಿ ಯಾವದೆಂದು ನೋಡಿರಿ. ಅದನ್ನು ಅಲ್ಲಿಯೇ ಸುರಿದು ಅವನ ಹೆಸರನ್ನು ಹೇಳಿರಿ. ದುಃಖವು ಅಂದೇ ತೀರದಿರಬಹುದು. ಆದರೆ ಅದನ್ನು ಒಬ್ಬರೇ ಹೊರುವದು ತಪ್ಪುವದು. ಅಷ್ಟರಿಂದಲೇ ಕೈಗಳು ಮತ್ತೆ ಕಾಯಕಕ್ಕೆ ಏಳುವವು.

ಸರ್ವರಿಗೂ ಆ ಲಿಂಗವಿಶ್ರಾಂತಿಯು ಲಭಿಸಲೆಂದು ಪ್ರಾರ್ಥಿಸಿ ವಿರಮಿಸುವೆನು.