ನಮ್ಮೂರ ಹೈಡ್ರಾಕ್ಕೆ ಕಿಟ್ ಸಿಗಲಿಲ್ಲ, ನಾನೇ ಮಾಡಿದೆ

ಹುಮನಾಬಾದಿನಿಂದ ಮಾತಾಡ್ತಿದೀನಿ. ನಡುವೆ ಲಾರಿ ಹಾರ್ನ್ ಕೇಳಿಸಿದ್ರೆ ಬೇಜಾರಾಗಬೇಡಿ. ನಮ್ಮ ಮನೆ ಪುಣೆ–ಹೈದರಾಬಾದ್ ಹೆದ್ದಾರಿ ಪಕ್ಕದಲ್ಲೇ ಇದೆ.

ಬೀದರ್–ಕಲಬುರಗಿ ರೈಲು 2017ರ ಅಕ್ಟೋಬರ್‌ನಲ್ಲಿ ಶುರುವಾಯಿತಲ್ಲ, ಅದರ ಕೆಲಸ ನಡೆಯುವಾಗ ನಾನು ಶಾಲೆ ಹುಡುಗ. ಯಂತ್ರ ನೋಡ್ತಾ ನಿಂತರೆ ಊಟದ ನೆನಪೂ ಇರ್ತಿರಲಿಲ್ಲ. ಆ ಹುಚ್ಚೇ ಮುಂದೆ ಸ್ಕೇಲ್ ಮಾಡೆಲ್ ಹುಚ್ಚಾಯಿತು. ಡಬ್ಬಿಯಲ್ಲಿ ಪ್ಲಾಸ್ಟಿಕ್ ಭಾಗಗಳು ಬರುತ್ತವೆ. ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚೋದು ನಮ್ಮ ಕೆಲಸ.

ಎಂಥೆಂಥ ಯಂತ್ರಗಳ ಕಿಟ್ ಇವೆ ಗೊತ್ತಾ? ಜರ್ಮನಿಯ ಗಣಿಯಲ್ಲಿ ಬ್ಯಾಗರ್ 288 ಅಂತ ಒಂದಿದೆ. 1978ರದ್ದು. ಉದ್ದ ಸುಮಾರು 220 ಮೀಟರ್, ತೂಕ 13,500 ಟನ್. 2001ರಲ್ಲಿ ಒಂದು ಗಣಿಯಿಂದ ಇನ್ನೊಂದಕ್ಕೆ 22 ಕಿಲೋಮೀಟರ್ ತಾನೇ ತೆವಳಿಕೊಂಡು ಹೋಯಿತು. ಮೂರು ವಾರ ಹಿಡಿಯಿತು. ಅದರ ಜೋಡಿ 289ರ ಕಿಟ್ಟನ್ನು ರೆವೆಲ್ ಕಂಪನಿ 1:200 ಅಳತೆಯಲ್ಲಿ ತಂದಿದೆ. ಅಷ್ಟು ಕುಗ್ಗಿಸಿದರೂ ಒಂದು ಮೀಟರಿಗಿಂತ ಉದ್ದ! ಜಪಾನಿನ ಹಸೆಗಾವಾದವರು ಹಿಟಾಚಿಯ ಎರಡು ತೋಳಿನ ಯಂತ್ರವನ್ನು 1:35ರಲ್ಲಿ ಮಾಡಿದ್ದಾರೆ. ಥೇಟ್ ಏಡಿ. ಒಂದು ಕೈ ಹಿಡಿಯುತ್ತೆ, ಇನ್ನೊಂದು ಕತ್ತರಿಸುತ್ತೆ.

ಆದರೆ ನನಗೆ ಬೇಕಾಗಿದ್ದು ಹೈಡ್ರಾ. ನಮ್ಮಣ್ಣ ಹೈಡ್ರಾ ಆಪರೇಟರ್. ಹೆದ್ದಾರಿಯಲ್ಲಿ ಲಾರಿ ಪಲ್ಟಿಯಾದರೂ, ಟ್ರಾನ್ಸ್‌ಫಾರ್ಮರ್ ಏರಿಸಬೇಕಾದರೂ ಮೊದಲು ಬರೋ ಹಳದಿ ಕ್ರೇನು. ಬೇರೆ ಕ್ರೇನುಗಳು ಕಾಲೂರಿ ನಿಂತು ಎತ್ತುತ್ತವೆ. ಇದು ಭಾರವನ್ನು ಮುಂದೆ ತೂಗುಹಾಕಿಕೊಂಡೇ ಓಡಾಡುತ್ತೆ. ಬೂಮ್ ಸುತ್ತಲೂ ತಿರುಗೋದಿಲ್ಲ, ಗಾಡಿಯೇ ತಿರುಗಬೇಕು. ಎಷ್ಟು ಹುಡುಕಿದರೂ ಇದರ ಕಿಟ್ ನನಗೆ ಸಿಗಲಿಲ್ಲ.

ಸರಿ, ಒಂದು ಭಾನುವಾರ ಟೇಪ್ ಹಿಡಿದು ಅಣ್ಣನ ಗಾಡಿ ಅಳೆದೆ. 1:50ರಲ್ಲಿ ಶುರು ಮಾಡಿದೆ. ಬಾಡಿಗೆ ಸನ್‌ಬೋರ್ಡ್, ಬೂಮಿನ ಪಿನ್ನಿಗೆ ಸೈಕಲ್ ಕಡ್ಡಿ, ಗಾಲಿ ಹಳೇ ಆಟಿಕೆ ಜೆಸಿಬಿಯವು. ಕೊಕ್ಕೆಗೆ ಒಂದು ನಟ್ ಸಿಕ್ಕಿಸಿದೆ ನೋಡಿ, ಗಾಡಿ ಮೂತಿ ಊರಿ ಬಿತ್ತು.

ಲೆಕ್ಕ ಇಷ್ಟೇ. ಅಳತೆ 50 ಪಟ್ಟು ಕುಗ್ಗಿದರೆ ತೂಕ 50ರ ಘನದಷ್ಟು, ಅಂದರೆ 1,25,000 ಪಟ್ಟು ಕುಗ್ಗುತ್ತೆ. 10 ಟನ್ ಗಾಡಿ 80 ಗ್ರಾಂ ಆಗಬೇಕು. ನನ್ನದು ಅದಕ್ಕಿಂತ ಹಗುರ ಇತ್ತು. ಹಿಂಭಾಗಕ್ಕೆ ವಾಷರ್ ತುಂಬಿ ತೂಕ ಸರಿಮಾಡಿದೆ, ನಿಂತಿತು. ಬೂಮ್ ಉದ್ದ ಮಾಡಿದೆ, ಅದೇ ನಟ್ಟಿಗೆ ಮತ್ತೆ ಬಿತ್ತು. ಭಾರ ಗಾಲಿಯಿಂದ ದೂರ ಹೋದಷ್ಟೂ ಎತ್ತೋ ಶಕ್ತಿ ಕಡಿಮೆ. ಕೆಳಗೆ ಪುಸ್ತಕವಿಟ್ಟು ಸ್ವಲ್ಪ ಇಳಿಜಾರು ಮಾಡಿದೆ. ನಟ್ ತೂಗಿತು, ಗಾಡಿ ಪಕ್ಕಕ್ಕೆ ಮಗುಚಿತು.

ಅಣ್ಣ ಚಹಾ ಕುಡಿಯುತ್ತಾ ನೋಡ್ತಿದ್ದವನು ಲೋಟ ಕೆಳಗಿಟ್ಟ. "ತಮ್ಮಾ, ಅವತ್ತು ಹಿಂಗೇ ಆಗಿತ್ತು" ಅಂದ.

ನಾಲ್ಕು ವರ್ಷದ ಹಿಂದೆ ಒಂದು ಸೈಟಿನಲ್ಲಿ ಪೈಪ್ ಸಾಗಿಸ್ತಿದ್ದರು. ಗಾಡಿ ಮಗುಚಲಿಲ್ಲ, ಪೈಪ್ ತೂಗಿತು. ಹಗ್ಗ ಕಟ್ಟಿರಲಿಲ್ಲ. ಹೆಲ್ಪರ್ ಹುಡುಗ ಕೈಯಿಂದಲೇ ಹಿಡಿದು ನಡೀತಿದ್ದ. ಎದುರಿಗೆ ಭಾರ ಇರೋದರಿಂದ ಅಣ್ಣನಿಗೆ ಅವನು ಕಾಣಲೇ ಇಲ್ಲ. ಹುಡುಗನ ಕಾಲು ಮುರಿಯಿತು. ಮನೆಯಲ್ಲಿ ಅಣ್ಣ ಇದನ್ನು ಯಾರಿಗೂ ಹೇಳಿರಲಿಲ್ಲ.

ಮಾಡೆಲಿಗೆ ಬಣ್ಣ ಹಚ್ಚೋದು ಬಾಕಿ ಇತ್ತು. ಅಣ್ಣ ಕಾಯಲಿಲ್ಲ, ಮರುದಿನವೇ ಒಯ್ದ. ಈಗ ಹೊಸ ಹೆಲ್ಪರ್ ಬಂದರೆ ಮೊದಲು ಚಹಾದಂಗಡಿ ಕಟ್ಟೆ ಮೇಲೆ ಅದನ್ನಿಟ್ಟು ಬೀಳಿಸಿ ತೋರಿಸ್ತಾನೆ. "ಲೋಡ್ ಎತ್ತಿದ ಮ್ಯಾಲ ಮುಂದ ನಿಂದ್ರಬ್ಯಾಡ. ಹಗ್ಗ ಹಿಡಿ, ದೂರ ಇರು."

ನನ್ನ ಹೈಡ್ರಾಕ್ಕೆ ಇನ್ನೂ ಬಣ್ಣ ಇಲ್ಲ. ಬಿದ್ದು ಬಿದ್ದು ಮೂಲೆಯೆಲ್ಲಾ ನಜ್ಜಿದೆ. ಇರಲಿ ಬಿಡಿ.

ನಿಮ್ಮೂರಲ್ಲೂ ಕಿಟ್ ಸಿಗದ ಯಂತ್ರ ಒಂದಾದರೂ ಇರುತ್ತೆ. ಟೇಪ್ ತಗೊಳ್ಳಿ, ಅದನ್ನು ಓಡಿಸೋರನ್ನು ಮಾತಾಡಿಸಿ.