ಸ್ಟೀರಿಂಗ್ ಗಟ್ಟಿಯಾದಾಗ



ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಮಂಜು ಕವಿದಿದ್ದರಿಂದ ಹೆಡ್‌ಲೈಟ್ ಹಾಕಿಕೊಂಡಿದ್ದೆ. ಒಂದು ಕಡಿದಾದ ತಿರುವಿನಲ್ಲಿ ಸ್ಟೀರಿಂಗ್ ಇದ್ದಕ್ಕಿದ್ದಂತೆ ಕಲ್ಲಿನಂತೆ ಗಟ್ಟಿಯಾಯಿತು. ಎದುರಿನ ಫಲಕದಲ್ಲಿ ಸ್ಟೀರಿಂಗಿನ ಚಿತ್ರವಿರುವ ದೀಪ ಹೊತ್ತಿಕೊಂಡಿತು. ಪಕ್ಕದಲ್ಲಿದ್ದ ನನ್ನ ಹೆಂಡತಿ, "ಲಾಕ್ ಆಗಿಹೋಯಿತೇನ್ರೀ?" ಎಂದು ಗಾಬರಿಯಾದಳು.

ಲಾಕ್ ಆಗಿರಲಿಲ್ಲ. ಈ ಸಂಗತಿಯನ್ನು ತಾವು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಾವು ಓಡಿಸುವ ಸಾಮಾನ್ಯ ಕಾರುಗಳಲ್ಲಿ ಸ್ಟೀರಿಂಗಿನಿಂದ ಚಕ್ರದವರೆಗೆ ಕಬ್ಬಿಣದ ಸಂಪರ್ಕ ಇದ್ದೇ ಇರುತ್ತದೆ. ವಿದ್ಯುತ್ ಮೋಟಾರು ಮಾಡುವುದು ಸಹಾಯ ಮಾತ್ರ. ಅದು ಕೈಕೊಟ್ಟರೆ ಭಾರವನ್ನೆಲ್ಲ ನಮ್ಮ ತೋಳುಗಳೇ ಹೊರಬೇಕು, ಅಷ್ಟೆ. ಎರಡೂ ಕೈಗಳಿಂದ ಬಲವಾಗಿ ತಿರುಗಿಸಿ, ವೇಗ ಇಳಿಸಿ, ಗೇರಿನಲ್ಲೇ ನಿಧಾನವಾಗಿ ಬಂದು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಓಡುತ್ತಿರುವಾಗ ಎಂಜಿನ್ ಆರಿಸಿ ನೋಡುವ ಪ್ರಯೋಗ ಮಾತ್ರ ಖಂಡಿತ ಬೇಡ. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಸಹಾಯವೂ ಕ್ರಮೇಣ ಹೋಗುತ್ತದೆ. ಬೀಗದ ಕೈಯನ್ನು ಹೊರಗೆಳೆದರಂತೂ ಸ್ಟೀರಿಂಗ್ ನಿಜವಾಗಿಯೇ ಲಾಕ್ ಆದೀತು.

ಇನ್ನು ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ? 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಎಂಬ ಪುಟ್ಟ ಕಾರಿನಲ್ಲಿ ಬಂದ ವ್ಯವಸ್ಥೆ ಇದು. ಇಂದು ನಮ್ಮ ಸಣ್ಣ ಕಾರುಗಳಲ್ಲೂ ಮನೆಮಾತಾಗಿದೆ. ಸ್ಟೀರಿಂಗಿನ ದಂಡದಲ್ಲಿರುವ ಸೆನ್ಸರ್ ನೀವು ಎಷ್ಟು ಬಲ ಹಾಕುತ್ತಿದ್ದೀರಿ ಎಂದು ಅಳೆಯುತ್ತದೆ. ಕಾರಿನ ವೇಗ ಎಷ್ಟೆಂಬ ಸುದ್ದಿ ಬೇರೆ ಕಡೆಯಿಂದ ಬರುತ್ತದೆ. ಒಂದು ಸಣ್ಣ ಕಂಪ್ಯೂಟರ್ ಎರಡನ್ನೂ ನೋಡಿ ಮೋಟಾರಿಗೆ ಕರೆಂಟು ಬಿಡುತ್ತದೆ. ಹಳೆಯ ಪವರ್ ಸ್ಟೀರಿಂಗಿನಂತೆ ಇದರಲ್ಲಿ ಎಣ್ಣೆ ಇಲ್ಲ. "ಸ್ಟೀರಿಂಗ್ ಆಯಿಲ್ ಕಡಿಮೆಯಾಗಿದೆ, ಹಾಕಲೇ?" ಎಂದು ಕೇಳುವವರ ಗ್ಯಾರೇಜಿನಿಂದ ನಮಸ್ಕಾರ ಹೇಳಿ ಹೊರಡಬಹುದು.

ಕಾರು ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಈ ಮೋಟಾರು ಹತ್ತಾರು ಆಂಪಿಯರ್ ಕರೆಂಟು ಎಳೆಯುತ್ತದೆ. ಹಾಗಾಗಿ ಬ್ಯಾಟರಿ ಸೊರಗಿದ್ದರೆ ಮೊದಲು ಮುನಿಸಿಕೊಳ್ಳುವವರಲ್ಲಿ ಸ್ಟೀರಿಂಗೂ ಒಂದು. ಒಂದು ಮಲ್ಟಿಮೀಟರ್ ಇದ್ದರೆ ಪರೀಕ್ಷೆ ಸುಲಭ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ರ ಹತ್ತಿರಕ್ಕೆ ಇಳಿದಿದ್ದರೆ ಅದರಲ್ಲಿ ಚಾರ್ಜು ಉಳಿದಿಲ್ಲವೆಂದೇ ಅರ್ಥ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ ಹದಿಮೂರೂವರೆಯಿಂದ ಹದಿನಾಲ್ಕೂವರೆ ಇರಬೇಕು. ಇಲ್ಲವಾದರೆ ಆಲ್ಟರ್ನೇಟರ್ ಕಡೆ ನೋಡಿ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ವೈರು ಬಿಚ್ಚಿ, ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ತೊಳೆದು, ಒರೆಸಿ, ಬಿಗಿಯಾಗಿ ಕೂರಿಸಿ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್.

ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ದೀಪ ಆರದಿದ್ದರೆ ಕೂಡಲೇ ಹೆದರಬೇಡಿ. ಕೆಲವು ಕಾರುಗಳಲ್ಲಿ ಎಂಜಿನ್ ಹಾಕಿ ಸ್ಟೀರಿಂಗನ್ನು ಎಡತುದಿ, ಬಲತುದಿಗೆ ಒಮ್ಮೆ ತಿರುಗಿಸಿ ನೇರಕ್ಕೆ ತಂದರೆ, ಸ್ವಲ್ಪ ದೂರ ಓಡಿಸಿದ ಮೇಲೆ ತಾನೇ ಆರುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಮತ್ತೆ ಮತ್ತೆ ತಿರುಗಿಸಿ ಕಾರು ನಿಲ್ಲಿಸುವಾಗ ಸ್ಟೀರಿಂಗ್ ಕ್ರಮೇಣ ಭಾರವಾದರೆ ಅದು ಕೆಟ್ಟಿದ್ದಲ್ಲ. ಮೋಟಾರು ಬಿಸಿಯಾಗಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಹತ್ತಿಪ್ಪತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದೆ. ದೀಪ ಹೊತ್ತದೆ ಯಾವಾಗಲೂ ಭಾರವಾಗಿಯೇ ಇದ್ದರೆ ಟೈರಿನ ಗಾಳಿ ನೋಡಿ, ಆಮೇಲೆ ಕೆಳಗಿನ ಜಾಯಿಂಟಿಗೆ ತುಕ್ಕು ಹಿಡಿದಿದೆಯೇ ಎಂದು ನೋಡಿಸಿ. ಎಬಿಎಸ್ ದೀಪವೂ ಜೊತೆಗೇ ಹೊತ್ತಿದ್ದರೆ ಚಕ್ರದ ಬಳಿಯ ಸೆನ್ಸರ್ ಮೇಲೆ ಅನುಮಾನ ಪಡಬಹುದು. ಇನ್ನು ಇಲಿ. ನಗಬೇಡಿ. ನಿಂತ ಕಾರಿನ ವೈರುಗಳಿಗೆ ನಮ್ಮೂರಿನಲ್ಲಿ ಇಲಿಗಿಂತ ದೊಡ್ಡ ಶತ್ರುವಿಲ್ಲ.

ಕಾರು ಒಂದೇ ಬದಿಗೆ ತಾನಾಗಿ ತಿರುಗಲು ನೋಡಿದರೆ, ಗಾಳಿ ಮತ್ತು ವೀಲ್ ಅಲೈನ್‌ಮೆಂಟ್ ಸರಿಯಿದ್ದರೂ ಹಾಗೆಯೇ ಎಳೆದರೆ, ಆ ಕಾರನ್ನು ಓಡಿಸಬೇಡಿ, ಎತ್ತಿಸಿಕೊಂಡು ಹೋಗಿ. ಬಲ ಅಳೆಯುವ ಸೆನ್ಸರ್ ತಪ್ಪು ಹೇಳುತ್ತಿರಬಹುದು. ಸ್ಟೀರಿಂಗಿನ ಸುತ್ತ ಹಳದಿ ಬಣ್ಣದ ಹೊದಿಕೆಯ ವೈರು ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೂ ಮನೆಯಲ್ಲಿ ಕೈ ಹಾಕಬಾರದು.

ಚಾರ್ಮಾಡಿಯ ಕಥೆಗೆ ಬರುತ್ತೇನೆ. ಘಾಟಿ ಇಳಿದು ಒಂದು ಗ್ಯಾರೇಜಿಗೆ ಹೋದೆವು. ಸ್ಕ್ಯಾನರ್ ಹಾಕಿ ನೋಡಿದವರು, ಇಡೀ ಸ್ಟೀರಿಂಗ್ ಕಾಲಂ ಬದಲಿಸಬೇಕೆಂದರು. ಅವರು ಹೇಳಿದ ಮೊತ್ತ ನನ್ನ ಒಂದು ತಿಂಗಳ ಪಿಂಚಣಿಯನ್ನು ಮೀರಿತ್ತು. ಸ್ಕ್ಯಾನರ್ ನಿಜವಾಗಿ ಏನು ಹೇಳಿತು ಎಂದು ಕೇಳಿದೆ. "ವೋಲ್ಟೇಜ್ ಕಡಿಮೆ" ಎಂದಿತ್ತು. ಕೋಡು ರೋಗದ ಲಕ್ಷಣ ಹೇಳಿತ್ತು, ಅವರು ಅಂಗವನ್ನೇ ಕತ್ತರಿಸಲು ಹೊರಟಿದ್ದರು. ಆಗ ನನಗೆ ಇನ್ನೊಂದು ನೆನಪಾಯಿತು: ಪ್ರತಿ ತಿರುವಿನಲ್ಲೂ ಹೆಡ್‌ಲೈಟು ಒಂದಿಷ್ಟು ಮಂಕಾಗುತ್ತಿತ್ತು. ಮಂಜಿನ ಗಡಿಬಿಡಿಯಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮನೆಗೆ ಬಂದು ಪರಿಚಯದ ಎಲೆಕ್ಟ್ರೀಷಿಯನ್ ಒಬ್ಬರನ್ನು ಕರೆದೆ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲಿನಲ್ಲಿ ಎಂಜಿನ್ ಹಾಕಿ, ನಾನು ಸ್ಟೀರಿಂಗ್ ತಿರುಗಿಸಿದೆ. ಅವರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವಿಗೂ ಇನ್ನೊಂದನ್ನು ಬಾಡಿಯ ಬಣ್ಣವಿಲ್ಲದ ಲೋಹಕ್ಕೂ ಒತ್ತಿದರು. ಅಲ್ಲಿ ಅರ್ಧ ವೋಲ್ಟ್ ಕಂಡರೇ ಹೆಚ್ಚು. ನಮ್ಮದು ಒಂದನ್ನು ದಾಟಿತು. ಬಾಡಿಗೆ ಅರ್ತ್ ವೈರು ಕೂರುವ ಬೋಲ್ಟಿನ ಅಡಿ ತುಕ್ಕು ತುಂಬಿಕೊಂಡಿತ್ತು. ಮರಳು ಕಾಗದದಲ್ಲಿ ಉಜ್ಜಿ, ಗ್ರೀಸು ಸವರಿ, ಬಿಗಿದರು. ಒಂದು ಲೋಟ ಕಾಫಿ ಆರುವಷ್ಟು ಹೊತ್ತಿನ ಕೆಲಸ. ಹಳೆಯ ಕಾಲಂ ಇವತ್ತಿಗೂ ಅದೇ ಕಾರಿನಲ್ಲಿದೆ. ಮೊನ್ನೆ ಅದರಲ್ಲೇ ಧರ್ಮಸ್ಥಳಕ್ಕೆ ಹೋಗಿ ಬಂದೆವು.